ಕಪ್ಪಿನಲ್ಲಿ ಕೆಂಪು, ಕೆಂಪಿನಲ್ಲಿ ಕಪ್ಪು: ಹರಿದ ಸಿರ್ಮಾಕ್ ಒಂದರ ರಿಪೇರಿ

ಡಿಸೆಂಬರಿನ ಕೊನೆಯ ಭಾನುವಾರ ಕಜಕಸ್ತಾನದ ಅಲ್ಮಾಟಿಯ ಹಳೆ ಸಾಮಾನಿನ ಸಂತೆಯಲ್ಲಿ ಒಬ್ಬ ಮುದುಕ ಚಹಾಕ್ಕೆ ನೀರು ಕಾಯಿಸುವ ಸಮೋವರ್, ಸೋವಿಯತ್ ಕಾಲದ ಬ್ಯಾಡ್ಜುಗಳು, ಮಾಂಸ ಅರೆಯುವ ಕಬ್ಬಿಣದ ಯಂತ್ರ ಎಲ್ಲ ಹರವಿಕೊಂಡು ಕೂತಿದ್ದ. ನನ್ನ ಕಣ್ಣು ನೆಟ್ಟದ್ದು ಅವುಗಳ ಅಡಿಗೆ ಹಾಸಿದ್ದರ ಮೇಲೆ. ಬೆಲೆ ಕೇಳಿದೆ. ಸಮೋವರಿನ ಬೆಲೆ ಹೇಳಿದ. ಅದಲ್ಲ, ಕೆಳಗಿನದು ಅಂದೆ. ನನ್ನನ್ನೊಮ್ಮೆ ಹಾಸನ್ನೊಮ್ಮೆ ನೋಡಿ, "ಅದು ತೂತು ಬಿದ್ದಿದೆಯಲ್ಲ" ಅಂದ. ತೂತು ಬಿದ್ದಿದ್ದರಿಂದಲೇ ನನ್ನ ಕೈಗೆಟುಕಿತು: 12,000 ಟೆಂಗೆ, ನಮ್ಮ ಲೆಕ್ಕದಲ್ಲಿ ಎರಡು ಸಾವಿರ ರೂಪಾಯಿಯ ಆಸುಪಾಸು. ಸಾಮಾನನ್ನೆಲ್ಲ ಎತ್ತಿ ಹಿಮದ ಮೇಲಿಟ್ಟು, ಹಾಸನ್ನು ಸುರುಳಿ ಸುತ್ತಿ ಹಗ್ಗ ಕಟ್ಟಿ ಕೊಟ್ಟ.

ಮನೆಗೆ ತಂದು ಅಳೆದೆ. 2.1 ಮೀಟರ್ ಉದ್ದ, 1.15 ಮೀಟರ್ ಅಗಲ, ತೂಕ ಐದೂವರೆ ಕಿಲೋ. ಇದು ಸಿರ್ಮಾಕ್, ಕಜಕ್ ಮನೆಗಳ ನೆಲಹಾಸು. ನೇಯ್ದದ್ದಲ್ಲ, ಉಣ್ಣೆಯನ್ನು ಬಿಸಿನೀರಲ್ಲಿ ನೆನೆಸಿ, ಉರುಳಿಸಿ, ತುಳಿದು ಗಟ್ಟಿ ಮಾಡಿದ ಫೆಲ್ಟಿನದು. ಕಜಕರು ಫೆಲ್ಟಿಗೆ ಕಿಯಿಜ್ ಅನ್ನುತ್ತಾರೆ. ತೆಕೆಮೆಟ್ ಅಂತ ಇನ್ನೊಂದು ಹಾಸಿದೆ. ಅದರಲ್ಲಿ ಅರೆಬರೆ ಗಟ್ಟಿಯಾದ ಫೆಲ್ಟಿನ ಮೇಲೆ ಬಣ್ಣದ ಉಣ್ಣೆ ಹರವಿ ಚಿತ್ತಾರ ಬಿಡಿಸಿ ಮತ್ತೆ ತುಳಿಯುತ್ತಾರೆ, ಹಾಗಾಗಿ ಚಿತ್ತಾರದ ಅಂಚು ಒದ್ದೆ ಕಾಗದದ ಮೇಲೆ ಶಾಯಿ ಹರಡಿದಂತೆ ಮಸುಕು. ಸಿರ್ಮಾಕಿನ ಅಂಚು ಚಾಕು ಹಾದಷ್ಟು ಚೂಪು. ಎರಡು ಬಣ್ಣದ ಫೆಲ್ಟುಗಳನ್ನು ಒಂದರ ಮೇಲೊಂದಿಟ್ಟು ಒಟ್ಟಿಗೇ ಕತ್ತರಿಸುತ್ತಾರೆ. ಕೆಂಪಿನಿಂದ ಬಂದ ತುಂಡು ಕಪ್ಪಿನ ತೂತಿಗೆ, ಕಪ್ಪಿನಿಂದ ಬಂದದ್ದು ಕೆಂಪಿನ ತೂತಿಗೆ. ಆಮೇಲೆ ಅಡಿಗೆ ಒರಟು ಫೆಲ್ಟಿನ ಇನ್ನೊಂದು ಪದರ ಕೊಟ್ಟು ಎರಡನ್ನೂ ಸೇರಿಸಿ ಒತ್ತೊತ್ತಾಗಿ ಹೊಲಿಯುತ್ತಾರೆ. 'ಸಿರು' ಅಂದರೆ ಹಾಗೆ ಪದರ ಕೂಡಿಸಿ ಹೊಲಿಯುವುದು. ಹೆಸರು ಬಂದದ್ದೇ ಅಲ್ಲಿಂದ. ಪಕ್ಕದ ಕಿರ್ಗಿಸ್ತಾನದಲ್ಲಿ ಇದರ ಒಡಹುಟ್ಟಿಗೆ ಶಿರ್ದಾಕ್ ಅನ್ನುತ್ತಾರೆ. ಅಲ್ಲಿಯ ಫೆಲ್ಟ್ ಹಾಸುಗಳ ಕಲೆಯನ್ನು ಯುನೆಸ್ಕೊ 2012ರಲ್ಲಿ ತುರ್ತಾಗಿ ಕಾಪಾಡಬೇಕಾದವುಗಳ ಪಟ್ಟಿಗೆ ಸೇರಿಸಿತು.

ನನ್ನ ಹಾಸಿನಲ್ಲಿ ಮೂರು ದೊಡ್ಡ ಚೌಕ, ಒಂದೊಂದರಲ್ಲೂ ನಾಲ್ಕು ಜೋಡಿ ಟಗರುಕೊಂಬು. ಈ ಸುರುಳಿಗೆ ಕೋಶ್ಕಾರ್ ಮುಯಿಜ್ ಎಂದು ಹೆಸರು. ಕಪ್ಪು ನೆಲ, ಕೆಂಪು ಕೊಂಬು, ಸುತ್ತ ತ್ರಿಕೋನಗಳ ಅಂಚು. ಒಂದು ಮೂಲೆಯಲ್ಲಿ 34 ಸೆಂಟಿಮೀಟರ್ ಉದ್ದ, 28 ಅಗಲದ ಜಾಗದಲ್ಲಿ ಮೇಲಿನ ಪದರ ಪೂರ್ತಿ ಮಾಯ, ಅಡಿಯ ಪದರ ಜಾಳುಜಾಳು. ಅಲ್ಲೊಂದು ಇಲ್ಲೊಂದು ನುಸಿ ತಿಂದ ಗುಳಿ. ಕೊಂಬಿನ ಅಂಚಿಗೆ ಹೊಲಿದಿದ್ದ ಹುರಿ ಸುಮಾರು ಮೂರು ಮೀಟರಿನಷ್ಟು ಕಿತ್ತುಹೋಗಿದೆ. ನಡುವೆ ಒಂದು ಎಣ್ಣೆ ಕಲೆ. ಅದು ಸಮೋವರಿನ ಕೆಳಗಿನದಲ್ಲ, ಮಾಂಸದ ಯಂತ್ರದ ಕೆಳಗಿನದು.

ಒದ್ದೆ ಹತ್ತಿಬಟ್ಟೆಯನ್ನು ಮೂಲೆಯ ಕೆಂಪಿನ ಮೇಲೆ ಅರ್ಧ ನಿಮಿಷ ಒತ್ತಿ ಹಿಡಿದೆ. ಬಟ್ಟೆ ಗುಲಾಬಿಯಾಯಿತು. ಕಾರ್ಖಾನೆಯ ಬಣ್ಣ, ನೀರಿಗೆ ಬಿಡುತ್ತದೆ. ಒಗೆಯುವ ಆಸೆ ಅಲ್ಲಿಗೇ ಮುಗಿಯಿತು.

ಜನವರಿ: ಹಿಮ

ನಮ್ಮ ಕಟ್ಟಡದ ಎರಡನೇ ಮಹಡಿಯಲ್ಲಿ ಒಬ್ಬ ಹಿರಿಯಾಕೆ ಇದ್ದಾರೆ. ಎಲ್ಲರೂ ಅವರನ್ನು ಅಪಾ ಅನ್ನುತ್ತಾರೆ. ಇಲ್ಲಿ ಅಜ್ಜಿಗೂ, ಹಿರಿಯ ಹೆಂಗಸರಿಗೂ ಅದೇ ಮಾತು. ಫೋನಿನ ಆ ಕಡೆ ನನ್ನಮ್ಮ ಕೇಳಿಸಿಕೊಂಡು "ಯಾರನ್ನೇ ನೀನು ಅಪ್ಪಾ ಅಪ್ಪಾ ಅಂತ ಕರೆಯೋದು?" ಅಂತ ಒಮ್ಮೆ ಗಾಬರಿಯಾಗಿದ್ದಳು. ಅಪಾ ನಲವತ್ತು ವರ್ಷ ಲೆಕ್ಕಪತ್ರ ನೋಡಿಕೊಂಡು ನಿವೃತ್ತರಾದವರು, ಹುಟ್ಟಿದ್ದು ತಾಲ್ದಿಕೊರ್ಗಾನ್ ಕಡೆಯ ಹಳ್ಳಿಯಲ್ಲಿ. ನಮ್ಮಿಬ್ಬರ ಮಾತು ಮುರುಕು ರಷ್ಯನ್‌ನಲ್ಲಿ. ಮುರುಕು ನನ್ನದು ಮಾತ್ರ.

ಹಾಸನ್ನು ತೋರಿಸಿದಾಗ ಅವರು ಮೊದಲು ಮಾಡಿದ್ದು ಮಗುಚಿ ಹಾಕಿ ಹಿಂಬದಿ ನೋಡಿದ್ದು. "ಯಾವುದೋ ಹೆಂಗಸು ಮಗಳ ಮದುವೆಗೆ ಮಾಡಿದ್ದು. ಹೊಲಿಗೆ ನೋಡು, ಆತುರ ಇಲ್ಲ" ಅಂದರು.

"ರಿಪೇರಿ ಮಾಡಬಹುದಾ ಅಪಾ?"

"ನನ್ನನ್ನು ಕೇಳಬೇಡ ಕಿಜಿಮ್. ನಾನು ತುಳಿದವಳು. ಕತ್ತರಿಸುತ್ತಿದ್ದದ್ದು ನನ್ನ ಚಿಕ್ಕಮ್ಮ."

ಕಿಜಿಮ್ ಅಂದರೆ ಮಗಳೇ ಅಂತ. ತಾನು ತುಳಿದವಳು, ಕತ್ತರಿಸಿದವಳಲ್ಲ ಅನ್ನುವ ಅವರ ಮಾತಿನ ತೂಕ ನನಗೆ ಗೊತ್ತಾಗಿದ್ದು ಮೇ ತಿಂಗಳಲ್ಲಿ. ಕತ್ತರಿಸುವವರನ್ನು ಇಲ್ಲಿ ಒಯುಶಿ ಅನ್ನುತ್ತಾರೆ, ಊರಿಗೆ ಒಬ್ಬರೋ ಇಬ್ಬರೋ ಇರುತ್ತಿದ್ದರು. ತುಳಿಯಲು, ಹೊಲಿಯಲು ಊರಿನ ಹೆಂಗಸರೆಲ್ಲ ಬರಬಹುದು. ಚಾಕು ಹಿಡಿಯುವವಳು ಒಬ್ಬಳೇ. ಒಯು ಅಂದರೆ ಕೊರೆಯುವುದು, ಕೆತ್ತುವುದು. ಚಿತ್ತಾರಕ್ಕೂ ಅದೇ ಪದ. ಅಂದರೆ ಚಿತ್ತಾರ ಇಲ್ಲಿ ಬಿಡಿಸುವಂಥದ್ದಲ್ಲ, ಕೊರೆಯುವಂಥದ್ದು.

ಒಗೆಯಲು ಆಗದ ನೆಲಹಾಸಿಗೆ ಹಿಮವೇ ಸಾಬೂನು. ರಾತ್ರಿ ಚಳಿ ಬಿದ್ದು ಹಿಮ ಸಕ್ಕರೆಯಂತೆ ಪುಡಿಪುಡಿಯಾಗಿ ಒಣಗಿರಬೇಕು. ಹಸಿ ಹಿಮವಾದರೆ ಬಣ್ಣ ಬಿಡುತ್ತದೆ. ಅಂಥ ಒಂದು ಬೆಳಿಗ್ಗೆ ಹಾಸನ್ನು ಒಂದು ಗಂಟೆ ಬಾಲ್ಕನಿಯಲ್ಲಿಟ್ಟು ತಣ್ಣಗಾಗಿಸಿದೆ. ಬಿಸಿಯಾಗಿದ್ದರೆ ಹಿಮ ಕರಗುತ್ತದೆ, ಈ ಹಂತ ಬಿಡುವಂತಿಲ್ಲ. ಆಮೇಲೆ ಅಂಗಳಕ್ಕೆ ಒಯ್ದು ಮುಖ ಕೆಳಗೆ ಮಾಡಿ ಹಾಸಿ, ಹಿಂಬದಿಯಿಂದ ಕೋಲಿನಲ್ಲಿ ಬಡಿದೆ. ಎತ್ತಿದರೆ ಹಿಮದ ಮೇಲೆ ಬೂದು ಬಣ್ಣದ ಆಯತ ಅಚ್ಚೊತ್ತಿತ್ತು. ಜಾಗ ಬದಲಿಸಿ ಬದಲಿಸಿ ಐದು ಸಲ. ಐದನೆಯ ಆಯತ ಹೆಚ್ಚುಕಮ್ಮಿ ಬೆಳ್ಳಗಿತ್ತು. ಎಣ್ಣೆ ಕಲೆ ಹೋಗಲಿಲ್ಲ.

ನುಸಿಗೆ ಬೇರೆ ಮದ್ದು ಬೇಕು. ಗುಳಿಗಳ ಬುಡದಲ್ಲಿ ಮರಳಿನಂಥ ಹಿಕ್ಕೆ, ಒಂದೆರಡು ಕಡೆ ನವಿರಾದ ಗೂಡು ಕಂಡಿತ್ತು, ಅಂದರೆ ಒಳಗೆ ಮೊಟ್ಟೆಯೂ ಇರಬಹುದು. ಪ್ಲಾಸ್ಟಿಕ್ಕಿನಲ್ಲಿ ಗಾಳಿ ಆಡದಂತೆ ಸುತ್ತಿ ಎರಡು ವಾರ ಶೂನ್ಯಕ್ಕಿಂತ 18-20 ಡಿಗ್ರಿ ಕೆಳಗೆ ಇಡಬೇಕು. ಅಲ್ಮಾಟಿಯ ಚಳಿ ಅಷ್ಟು ನಂಬಿಗಸ್ತವಲ್ಲ, ಹಗಲು ಬಿಸಿಲು ಬಂದರೆ ಬಾಲ್ಕನಿಯಲ್ಲಿ ಹಿಮ ತೊಟ್ಟಿಕ್ಕುತ್ತದೆ. ಅಪಾ ಮನೆಯಲ್ಲಿ ಪೆಟ್ಟಿಗೆಯಂಥ ದೊಡ್ಡ ಫ್ರೀಜರ್ ಇದೆ. ಆದರೆ ಅದರ ತುಂಬ ಸೋಗಿಮ್, ಅಂದರೆ ಚಳಿಗಾಲಕ್ಕೆಂದು ಕಡಿದ ಕುದುರೆ ಮಾಂಸ. "ನೌರೀಜ್ ಆಗಲಿ" ಅಂದರು. ಮಾರ್ಚ್ 22ರ ಆಚೀಚೆ ಬರುವ ಆ ಹೊಸವರ್ಷದ ಹಬ್ಬಕ್ಕೆ ಮಾಡುವ ನೌರೀಜ್ ಕೋಜೆ ಎಂಬ ಅಂಬಲಿಯಲ್ಲಿ ಉಳಿದ ಸೋಗಿಮ್ ಎಲ್ಲ ಖರ್ಚಾಗುತ್ತದೆ. ಎರಡು ತಿಂಗಳು ಹಾಸು ಪ್ಲಾಸ್ಟಿಕ್ ಸುತ್ತಿಕೊಂಡು ನನ್ನ ಮಂಚದ ಕೆಳಗೆ ಕಾಯಿತು. ಹಬ್ಬದ ಮಾರನೆಯ ದಿನವೇ, ಮಡಿಕೆ ಬೀಳದಂತೆ ಸಡಿಲ ಸುರುಳಿ ಮಾಡಿ, ಮೂಲೆಯಿಂದ ಮೂಲೆಗೆ ಇಳಿಸಿದೆವು.

ಫ್ರೀಜರಿನಲ್ಲಿ ಫೆಲ್ಟ್ ಇಡುವುದು ನಾವು ಕಂಡುಕೊಂಡ ಉಪಾಯವೇನಲ್ಲ, ನೆಲವೇ ಆ ಕೆಲಸ ಮಾಡಿದೆ. ಕಜಕಸ್ತಾನದ ಗಡಿಯಾಚೆ, ರಷ್ಯಾದ ಆಲ್ತಾಯ್ ಬೆಟ್ಟಗಳ ಪಾಜಿರಿಕ್ ಸಮಾಧಿಗಳ ಒಳಗೆ ನೀರು ಇಳಿದು ಮಂಜುಗಟ್ಟಿದ್ದರಿಂದ ಎರಡು ಸಾವಿರ ಚಿಲ್ಲರೆ ವರ್ಷದ ಫೆಲ್ಟ್ ಬಣ್ಣದ ಸಮೇತ ಉಳಿಯಿತು. 1940ರ ದಶಕದ ಕೊನೆಯಲ್ಲಿ ಸೆರ್ಗೆಯ್ ರುದೆಂಕೊ ಅಗೆದು ತೆಗೆದ ಒಂದು ದೊಡ್ಡ ಗೋಡೆಹಾಸು ಈಗ ಸೇಂಟ್ ಪೀಟರ್ಸ್‌ಬರ್ಗಿನ ಹರ್ಮಿಟೇಜ್ ಮ್ಯೂಸಿಯಮ್ಮಿನಲ್ಲಿದೆ. ಬಣ್ಣದ ಫೆಲ್ಟನ್ನು ಕತ್ತರಿಸಿ, ಇನ್ನೊಂದು ಫೆಲ್ಟಿನ ಮೇಲಿಟ್ಟು ಹೊಲಿದದ್ದು. ಕುದುರೆ ಸವಾರ, ಕುರ್ಚಿಯ ಮೇಲೆ ಕೂತ ದೇವತೆ. ಫೋಟೋದಲ್ಲೂ ಹೊಲಿಗೆಯ ಅಂಚು ಕಾಣುತ್ತದೆ.

ನಡುವೆ: ಕಸ್ತೇಯೆವ್ ಮ್ಯೂಸಿಯಂ

ಕಾಯುವ ತಿಂಗಳುಗಳಲ್ಲಿ ನಾಲ್ಕು ಸಲ ಅಲ್ಮಾಟಿಯ ಕಸ್ತೇಯೆವ್ ಕಲಾ ಮ್ಯೂಸಿಯಮ್ಮಿಗೆ ಹೋದೆ. ಚಿತ್ರಕಾರ ಅಬಿಲ್ಖಾನ್ ಕಸ್ತೇಯೆವ್ (1904–1973) ಹೆಸರಿನದು. ಅಲ್ಲಿನ ಕರಕುಶಲ ವಿಭಾಗದಲ್ಲಿ ಸಿರ್ಮಾಕ್, ತೆಕೆಮೆಟ್, ಗೋಡೆಗೆ ತೂಗುಹಾಕುವ ಕಸೂತಿಯ ತುಸ್‌ಕಿಯಿಜ್, ಬಣ್ಣದ ಉಣ್ಣೆ ಸುತ್ತಿದ ಹುಲ್ಲುಕಡ್ಡಿಯ ಪರದೆ ಎಲ್ಲ ಇವೆ. ನಾನು ನೋಡಲು ಹೋದದ್ದು ಒಂದನ್ನೇ: ಕಪ್ಪು ಮತ್ತು ಕೆಂಪು ಕೂಡುವ ಗೆರೆ. ಮೂಗು ಗಾಜಿಗೆ ತಾಗುವಷ್ಟು ಹತ್ತಿರ ನಿಂತು ನೋಡುತ್ತಿದ್ದರೆ ಕಾವಲಿನ ಹೆಂಗಸು ಎರಡು ಸಲ ಕೆಮ್ಮಿದಳು.

ಎರಡು ಫೆಲ್ಟೂ ಅಂಚಿಗೆ ಅಂಚು ತಾಗಿ ನಿಂತಿವೆ, ಒಂದರ ಮೇಲೊಂದು ಹತ್ತಿಲ್ಲ. ಆ ಸಂದಿನ ಮೇಲೆ ಜಿಯೆಕ್ ಎಂಬ ಹುರಿ ಕೂತಿದೆ. ದೂರದಿಂದ ಅದು ಹೆಣೆದ ಜಡೆಯಂತೆ ಕಾಣುತ್ತದೆ. ಹತ್ತಿರದಿಂದ ನೋಡಿದರೆ ಜಡೆಯಲ್ಲ, ಪಕ್ಕಪಕ್ಕ ಎರಡು ಹುರಿ. ಬರೆದುಕೊಂಡೆ. ಬರೆದುಕೊಂಡದ್ದು ಅರ್ಧ ಮಾತ್ರ ಅಂತ ಆಮೇಲೆ ಗೊತ್ತಾಯಿತು.

ಮ್ಯೂಸಿಯಮ್ಮಿನಿಂದ ಹೊರಗೆ ಬಂದರೆ ಊರಿಡೀ ಕೊಂಬು. ದೇಶದ ಧ್ವಜದಲ್ಲೇ ಇದೆ. ಶಾಕೆನ್ ನಿಯಾಜ್‌ಬೆಕೊವ್ ರೂಪಿಸಿ 1992ರಲ್ಲಿ ಒಪ್ಪಿಕೊಂಡ ಆ ನೀಲಿ ಧ್ವಜದ ಕಂಬದ ಬದಿಗೆ ಹೊನ್ನಿನ ಬಣ್ಣದ ಕೋಶ್ಕಾರ್ ಮುಯಿಜ್ ಪಟ್ಟಿ. ಅದು ಚೆಂದವೇ. ಆದರೆ ಸೇತುವೆಯ ಕಟಕಟೆ, ಚಾಕೊಲೇಟ್ ಡಬ್ಬಿ, ಬ್ಯಾಂಕಿನ ಗೋಡೆ, ಹಾಲಿನ ಪೊಟ್ಟಣ ಹೀಗೆ ಅಂಟಿಸಿದಲ್ಲೆಲ್ಲ ಕೊಂಬು ಬರೀ ಗೆರೆಯಾಗಿ ಬಿಡುತ್ತದೆ. ಅದಕ್ಕೆ ಜೋಡಿ ಇರುವುದಿಲ್ಲ. ಸಿರ್ಮಾಕಿನಲ್ಲಿ ಕೊಂಬಿನ ಸುತ್ತಲಿನ ಕಪ್ಪೂ ಕೊಂಬೇ. ಯಾವುದು ಚಿತ್ರ, ಯಾವುದು ನೆಲ ಅಂತ ಕಣ್ಣು ಆಗಾಗ ಪಕ್ಷ ಬದಲಿಸುತ್ತದೆ. ಈ ಊರಿನ ಒಳ್ಳೆಯ ಸಮಕಾಲೀನ ಕಲಾವಿದರು ಹಳೆಯದರಿಂದ ತೆಗೆದುಕೊಂಡದ್ದು ಆ ಕೊಂಬನ್ನಲ್ಲ, ಬೇರೆ ಏನನ್ನೋ ಅಂತ ನನಗೆ ಮೊದಲ ಬಾರಿ ಅನಿಸಿದ್ದು ಬಸ್ ನಿಲ್ದಾಣದಲ್ಲಿ, ಕೊಂಬು ಅಚ್ಚು ಹಾಕಿದ ಕಸದಬುಟ್ಟಿಯ ಪಕ್ಕ ನಿಂತಾಗ.

ಏಪ್ರಿಲ್: ಉಣ್ಣೆ

ತೇಪೆಗೆ ಎರಡು ಬಣ್ಣದ ಫೆಲ್ಟ್ ಬೇಕು, ತಲಾ 50 ಸೆಂಟಿಮೀಟರ್ ಚೌಕ. ಅಂಗಡಿಯ ಫೆಲ್ಟ್ ಸೂಜಿಯಂತ್ರದಲ್ಲಿ ಚುಚ್ಚಿ ಮಾಡಿದ್ದು, ಕತ್ತರಿಸಿದ ಅಂಚು ಬಿಚ್ಚಿಕೊಳ್ಳುತ್ತದೆ. ನಾನೇ ಮಾಡಬೇಕು. ಅಪಾ ಹೇಳಿದ್ದು ಕುಜೆಮ್, ಶರತ್ಕಾಲದಲ್ಲಿ ಕತ್ತರಿಸಿದ ಗಿಡ್ಡ ಎಳೆಯ ಉಣ್ಣೆಯನ್ನೇ ತರಬೇಕೆಂದು. ವಸಂತದಲ್ಲಿ ಕತ್ತರಿಸುವ ಜಬಾಗಿ ಉದ್ದ ಎಳೆಯದು, ನೂಲಿಗೆ ಒಳ್ಳೆಯದು, ಫೆಲ್ಟಿಗೆ ಅಷ್ಟಲ್ಲ. ಕಪ್ಪಿಗೆ ಹುಟ್ಟು ಕಪ್ಪು ಕುರಿಯದೇ ಸಿಕ್ಕಿತು. ಕೆಂಪಿಗೆ ಬಿಳಿ ಉಣ್ಣೆ ತಂದು ಬಣ್ಣ ಹಾಕುವುದು.

ಕಾರ್ಖಾನೆ ಬಣ್ಣ ಬರುವ ಮೊದಲು ಇಲ್ಲಿ ಕೆಂಪಿಗೆ ಬಳಸುತ್ತಿದ್ದದ್ದು ಒಂದು ಬಳ್ಳಿಯ ಬೇರು. ಹುಡುಕಿ ನೋಡಿದರೆ ಅದು ನಮ್ಮ ಮಂಜಿಷ್ಠದ ದಾಯಾದಿ, ಒಂದೇ ಕುಲದ ಎರಡು ಜಾತಿ. ರಾಣೆಬೆನ್ನೂರಿನ ಗ್ರಂಧಿಗೆ ಅಂಗಡಿಯಿಂದ ಅಮ್ಮ ಮುನ್ನೂರು ಗ್ರಾಂ ಮಂಜಿಷ್ಠ ಕಟ್ಟಿಸಿ, ಇಲ್ಲಿ ಮೆಡಿಕಲ್ ಓದುವ ನಮ್ಮೂರ ಹುಡುಗನ ಕೈಯಲ್ಲಿ ಕಳಿಸಿದಳು. "ಮುಖಕ್ಕೆ ಹಚ್ಕೋಳೋದಾ?" ಅಂತ ಅವನು ಕೇಳಿದನಂತೆ.

300 ಗ್ರಾಂ ಉಣ್ಣೆಗೆ 40 ಗ್ರಾಂ ಪಟಿಕ ಹಾಕಿ ಒಂದು ಗಂಟೆ ಹದ ಬಿಸಿಯಲ್ಲಿಟ್ಟೆ, ಆಮೇಲೆ ರಾತ್ರಿ ನೆನೆಸಿದ ಮಂಜಿಷ್ಠದ ನೀರಿಗೆ ಇಳಿಸಿದೆ. 70 ಡಿಗ್ರಿ ದಾಟಿಸಬಾರದು, ದಾಟಿದರೆ ಕೆಂಪು ಕಂದಾಗುತ್ತದೆ. ಥರ್ಮಾಮೀಟರ್ ಹಿಡಿದು ಎರಡು ಗಂಟೆ ಒಲೆ ಮುಂದೆ ನಿಂತೆ. ಇಟ್ಟಿಗೆಗೂ ದಾಳಿಂಬೆ ಸಿಪ್ಪೆಗೂ ನಡುವಿನ ಕೆಂಪು ಬಂತು. ಎಳೆಯನ್ನು ಕಲಕಬಾರದು, ಬಿಸಿಯಲ್ಲಿ ಕಲಕಿದರೆ ಪಾತ್ರೆಯಲ್ಲೇ ಫೆಲ್ಟ್ ಆಗಿಬಿಡುತ್ತದೆ.

ಉಣ್ಣೆ ಫೆಲ್ಟ್ ಆಗುವ ಗುಟ್ಟು ಅದರ ಎಳೆಯ ಹೊರಮೈಯಲ್ಲಿದೆ. ಹೆಂಚು ಹೊದಿಸಿದಂತೆ ಸಣ್ಣ ಪೊರೆಗಳು, ಎಲ್ಲವೂ ತುದಿಯ ಕಡೆಗೆ ಮುಖ ಮಾಡಿರುತ್ತವೆ. ಬಿಸಿ ಸಾಬೂನುನೀರಿಗೆ ಅವು ಅರಳುತ್ತವೆ. ಉಜ್ಜಿದಾಗ ಎಳೆ ಬುಡದ ಕಡೆಗೆ ಜಾರುತ್ತದೆ, ಹಿಂದಕ್ಕೆ ಬರಲು ಪೊರೆ ಬಿಡುವುದಿಲ್ಲ. ಲಕ್ಷಾಂತರ ಎಳೆಗಳು ಹೀಗೆ ಒಂದರೊಳಗೊಂದು ನುಗ್ಗಿ ಹಿಂತಿರುಗಲಾರದೆ ಸಿಕ್ಕಿಕೊಳ್ಳುವುದೇ ಫೆಲ್ಟ್.

ಉಣ್ಣೆಯನ್ನು ಹಿಂಜಲು ಇಲ್ಲಿ ಒಣಗಿಸಿದ ತೊಗಲಿನ ಮೇಲೆ ಹರವಿ ಸಬಾವು ಎಂಬ ಎರಡು ಕೋಲುಗಳಲ್ಲಿ ಬಡಿಯುತ್ತಿದ್ದರು. ನಾನು ಹಳೆ ರಗ್ಗಿನ ಮೇಲೆ ಎರಡು ಬೆತ್ತ ಹಿಡಿದು ಬಡಿದೆ. ಅಪಾ ಬಾಗಿಲಲ್ಲಿ ನಿಂತು "ಒಟ್ಟಿಗೆ ಬಡಿಯಬೇಡ, ಒಂದಾದ ಮೇಲೊಂದು" ಅಂದರು. ತಾಳ ಸಿಕ್ಕಿದ ಮೇಲೆ ತೋಳು ನೋಯಲಿಲ್ಲ. ಕೆಳಮನೆಯವರು ಮಾತ್ರ ಮೇಲೆ ಬಂದರು.

ಉರುಳಿಸುವ ಚಾಪೆ ಶಿ ಎಂಬ ಹುಲ್ಲಿನ ಕಡ್ಡಿಯದಾಗಿರಬೇಕು; ನನ್ನದು ಕಿಟಕಿಯ ಬಿದಿರು ಪರದೆ. ಫೆಲ್ಟ್ ಕುಗ್ಗುತ್ತದೆ ಅಂತ 72 ಸೆಂಟಿಮೀಟರ್ ಚೌಕಕ್ಕೆ ಹರವಿದೆ: ಒಂದು ಪದರ ಅಡ್ಡ, ಒಂದು ಪದರ ಉದ್ದ, ಹೀಗೆ ಆರು, ಅಂಗೈಯಗಲದಷ್ಟು ಎತ್ತರ. ಸಾಬೂನು 72% ಅಂತ ಅಚ್ಚೊತ್ತಿದ ಕಂದು ಬಟ್ಟೆಸಾಬೂನು, ಸೋವಿಯತ್ ಕಾಲದಿಂದ ಇಲ್ಲಿ ಎಲ್ಲರ ಮನೆಯಲ್ಲೂ ಇರುವಂಥದ್ದು. ತುರಿದು ಬಿಸಿನೀರಲ್ಲಿ ಕರಗಿಸಿ ಚಿಮುಕಿಸಿ, ಒತ್ತಿ ಗಾಳಿ ತೆಗೆದು, ಪರದೆ ಸಮೇತ ಸುತ್ತಿ ಕಟ್ಟಿದೆ. ಮೊದಲ ನಲವತ್ತು ನಿಮಿಷ ಮೆಲ್ಲಗೆ ಉರುಳಿಸುವುದು. ಆಮೇಲೆ ಬಿಚ್ಚಿ, ಕಾಲು ಸುತ್ತು ತಿರುಗಿಸಿ, ಮತ್ತೆ ಸುತ್ತಿ ಜೋರಾಗಿ. ಪ್ರತಿ ದಿಕ್ಕಿಗೆ ನಾನೂರು ಸಲ. ಕೊನೆಗೆ ಚಾಪೆ ಇಲ್ಲದೆ, ಬರಿ ಮುಂಗೈಯಿಂದ ಒತ್ತಿ ಒತ್ತಿ ಉರುಳಿಸುವುದು. ಇದಕ್ಕೆ ಬಿಲೆಕ್‌ತೆವು ಅನ್ನುತ್ತಾರೆ, ಬಿಲೆಕ್ ಅಂದರೆ ಮುಂಗೈ. ಅಲ್ಲಿಯವರೆಗೆ ಕುರ್ಚಿಯಲ್ಲಿ ಕೂತು ಚಹಾ ಕುಡಿಯುತ್ತಿದ್ದ ಅಪಾ ಆ ಹಂತಕ್ಕೆ ಬಂದಾಗ ತೋಳು ಮಡಚಿ ನೆಲಕ್ಕೆ ಕೂತರು, ನನ್ನನ್ನು ಭುಜದಿಂದ ಸರಿಸಿದರು. ನನ್ನ ಇಡೀ ಮಧ್ಯಾಹ್ನದ ಕೆಲಸ ಅವರ ಹದಿನೈದು ನಿಮಿಷದಲ್ಲಿ ಎರಡು ಬೆರಳು ಕುಗ್ಗಿತು.

ಎರಡು ಪೆಟ್ಟು ತಿಂದೆ. ಒಂದು, ಸಾಬೂನಿನ ಕ್ಷಾರಕ್ಕೆ ಮಂಜಿಷ್ಠದ ಕೆಂಪು ಬೀಟ್‌ರೂಟಿನ ಬಣ್ಣಕ್ಕೆ ತಿರುಗಿತು. ವಿನೆಗರ್ ಬೆರೆಸಿದ ನೀರಲ್ಲಿ ಜಾಲಿಸಿದಾಗ ಮುಕ್ಕಾಲು ಪಾಲು ಹಿಂದೆ ಬಂತು. ಇನ್ನೊಂದು, ನನ್ನ ಮೊದಲ ಕೆಂಪು ಫೆಲ್ಟನ್ನು ಬೆಳಕಿಗೆ ಹಿಡಿದರೆ ನಡುವೆ ಚಂದ್ರನಂತೆ ಒಂದು ತೆಳು ಜಾಗ. ಅಂಚಿನಲ್ಲಿ 8 ಮಿಲಿಮೀಟರ್, ನಡುವೆ 4. ಉಣ್ಣೆ ಹರವುವಾಗ ಅಂಚು ಜಾಳಾದೀತೆಂಬ ಭಯಕ್ಕೆ ಅಲ್ಲಿ ಎರಡೆರಡು ಸಲ ಇಟ್ಟಿದ್ದೆ. ಅದನ್ನು ಬಿಟ್ಟು ಇನ್ನೊಂದು ಮಾಡಬೇಕಾಯಿತು, ಮತ್ತೊಮ್ಮೆ ಮಂಜಿಷ್ಠ, ಮತ್ತೊಮ್ಮೆ ಕೆಳಮನೆಯವರು.

ಯುರೋಪಿನ ಗ್ಯಾಲರಿಗಳಲ್ಲಿ ಫೆಲ್ಟ್ ಅಂದರೆ ನೆನಪಾಗುವುದು ಜರ್ಮನಿಯ ಕಲಾವಿದ ಜೋಸೆಫ್ ಬಾಯ್ಸ್. 1944ರಲ್ಲಿ ಕ್ರೈಮಿಯಾದಲ್ಲಿ ವಿಮಾನ ಬಿದ್ದಾಗ ತಾತಾರರು ತನ್ನನ್ನು ಕೊಬ್ಬು ಸವರಿ ಫೆಲ್ಟಿನಲ್ಲಿ ಸುತ್ತಿ ಉಳಿಸಿದರು ಅಂತ ಆತ ಹೇಳಿಕೊಂಡಿದ್ದ. ಅದು ಕಟ್ಟುಕತೆ ಅಂತ ಆಮೇಲೆ ತಿಳಿಯಿತು. ಅಪಾಗೆ ಈ ಕತೆ ಹೇಳಿದೆ. "ಫೆಲ್ಟಿನಲ್ಲಿ ಯಾಕೆ ಸುತ್ತುತ್ತಾರೆ? ಕಾಯಿಲೆಯವರನ್ನು ಸುತ್ತುವುದು ಹಸಿ ಕುರಿತೊಗಲಿನಲ್ಲಿ" ಅಂದರು. ಇಲ್ಲಿನ ಕಲಾವಿದರಿಗೆ ಫೆಲ್ಟ್ ಅಂಥ ಪವಾಡದ ವಸ್ತುವಲ್ಲ, ಮನೆಯ ಸಾಮಾನು. ವಿಡಿಯೋ, ಫೋಟೋಗಳಿಂದ ಹೆಸರಾದ ಅಲ್ಮಗುಲ್ ಮೆನ್ಲಿಬಾಯೆವಾ ಕೂಡ ಶುರುವಿನಲ್ಲಿ ಫೆಲ್ಟ್ ಕೆಲಸ ಮಾಡಿದವರು. 1984ರಲ್ಲಿ ಸೆಮೆಯ್‌ನಲ್ಲಿ ಹುಟ್ಟಿ ಈಗ ಬರ್ಲಿನ್ನಿನಲ್ಲಿರುವ ಗುಲ್ನೂರ್ ಮುಕಜಾನೊವಾ ಅವರ ಫೆಲ್ಟ್ ಕೃತಿಗಳ ಚಿತ್ರಗಳನ್ನು ಆ ವಾರವೆಲ್ಲ ನೋಡಿದೆ. ಒಂದು ಕೊಂಬೂ ಇಲ್ಲ. ಬಣ್ಣದ ಉಣ್ಣೆ ಒಂದರೊಳಗೊಂದು ನುಗ್ಗಿ ಅಲ್ಲಲ್ಲಿ ದಪ್ಪ, ಅಲ್ಲಲ್ಲಿ ಜಾಳು. ನಾನು ದೋಷ ಅಂತ ಎತ್ತಿಟ್ಟ ಆ ಚಂದ್ರನಂಥದ್ದನ್ನೇ ಆಕೆ ಮುಖ ಮಾಡುತ್ತಾಳೆ.

ಮೇ: ಚಾಕು

ಇಲ್ಲಿ ಎಡವಿದೆ, ಅದೂ ಚೆನ್ನಾಗಿಯೇ.

ಉಳಿದ ಮೂಲೆಯ ಕೊಂಬಿನಿಂದ ಕಾಗದದ ಮೇಲೆ ಅಚ್ಚು ತೆಗೆದೆ. ಹೊಲಿಗೆ ಕಲಿತ ಕೈಯ ಬುದ್ಧಿ: ಬಟ್ಟೆ ಕತ್ತರಿಸುವಾಗ ಹೊಲಿಗೆಗೆಂದು ಅಂಚು ಬಿಡುತ್ತೇವಲ್ಲ, ಹಾಗೆ ಸುತ್ತಲೂ ಅರ್ಧ ಸೆಂಟಿಮೀಟರ್ ಬಿಟ್ಟು ಕೆಂಪು ಕೊಂಬನ್ನು ಕತ್ತರಿಸಿದೆ. ಕಪ್ಪಿನಲ್ಲಿ ತೂತನ್ನು ಬೇರೆಯಾಗಿ ಕತ್ತರಿಸಿದೆ. ಕೂಡಿಸಿದಾಗ ಕೊಂಬು ತೂತಿನಲ್ಲಿ ಕೂರಲಿಲ್ಲ, ಪೂರಿಯಂತೆ ಉಬ್ಬಿತು. ಅಂಚನ್ನು ಸವರಿದೆ, ಒಂದು ಕಡೆ ಸರಿಹೋದರೆ ಇನ್ನೊಂದು ಕಡೆ ಸಂದಿ. ಸುರುಳಿಯ ಒಳತಿರುವು ಹೊರತಿರುವಿಗಿಂತ ಬೇರೆ ಅಳತೆಗೆ ಬಂತು. ಮೂರು ಸಂಜೆ ಹಾಳು.

ಅಪಾ ನೋಡಿ, "ನೀನು ಎರಡು ಸಲ ಕತ್ತರಿಸಿದೆ" ಅಂದರು.

"ಎರಡು ತುಂಡಲ್ಲವಾ ಅಪಾ?"

"ತುಂಡು ಎರಡು. ಚಾಕು ಒಂದೇ ಸಲ."

ಉಳಿದ ಜಾಗದಲ್ಲಿ ಮತ್ತೆ ಶುರು. ಕಪ್ಪು ಕೆಳಗೆ, ಕೆಂಪು ಮೇಲೆ, ಅಲುಗದಂತೆ ನಾಲ್ಕು ಕಡೆ ಟಾಕು. ಸೀಮೆಸುಣ್ಣದಲ್ಲಿ ಅರ್ಧ ಕೊಂಬು ಬರೆದು, ಕಾಗದ ಮಡಚಿ ಉಳಿದರ್ಧಕ್ಕೆ ಅಚ್ಚು ಒತ್ತಿ, ಚಾಕುವಿಗೆ ಹೊಸ ಅಲಗು ಹಾಕಿ, ನೇರ ಲಂಬವಾಗಿ ಹಿಡಿದು ಎರಡೂ ಪದರ ಒಟ್ಟಿಗೇ. ಚಾಕು ವಾಲಿದರೆ ಕೆಳಗಿನದು ಒಂದು ಮಿಲಿಮೀಟರ್ ಸಣ್ಣದಾಗುತ್ತದೆ. ನನ್ನದು ಎರಡು ಕಡೆ ವಾಲಿದೆ. ಆದರೆ ಆ ತಪ್ಪೂ ಎರಡರಲ್ಲೂ ಜೋಡಿಯಾಗಿಯೇ ಬಿದ್ದಿದ್ದರಿಂದ ಕೆಂಪು ಕೊಂಬು ಕಪ್ಪಿನೊಳಗೆ ಮುಚ್ಚಳ ಕೂತಂತೆ ಕೂತಿತು. ಕೈ ಎಷ್ಟು ನಡುಗಿದರೂ ಎರಡಕ್ಕೂ ಒಂದೇ ನಡುಕ. ಅಂಚು ಬಿಡುವ ಮಾತೇ ಇಲ್ಲ.

ಅಲ್ಮಾಟಿಯ ಕಲಾವಿದ ರುಸ್ತಾಮ್ ಖಾಲ್ಫಿನ್ (1949–2008) ಮಾಡಿದ್ದೊಂದು ಅವತ್ತು ಅರ್ಥವಾಯಿತು. ಆತ ಹಸಿಮಣ್ಣಿನ ಮುದ್ದೆಯನ್ನು ಮುಷ್ಟಿಯಲ್ಲಿ ಹಿಸುಕುತ್ತಿದ್ದ. ಮುಷ್ಟಿ ಬಿಚ್ಚಿದರೆ ಕೈಯೊಳಗಿನ ಖಾಲಿ ಜಾಗ ಮಣ್ಣಾಗಿ ಹೊರಗೆ ಬರುತ್ತಿತ್ತು. ಅದಕ್ಕೆ ಆತ ಕೊಟ್ಟ ಹೆಸರು ಪುಲೋತಾ; ರಷ್ಯನ್‌ನ ಪುಸ್ತೋತಾ, ಪೋಲ್ನೋತಾ, ಅಂದರೆ ಬರಿದು, ತುಂಬು, ಎರಡನ್ನೂ ಬೆಸೆದು ಹುಟ್ಟಿಸಿದ ಮಾತು. ಆಮೇಲೆ ಒಂದು ಕಟ್ಟಡದೊಳಗೆ ಮನುಷ್ಯ ದೇಹದ ಅಂಗಗಳನ್ನು ದೈತ್ಯಾಕಾರದಲ್ಲಿ ಮಣ್ಣಿನಿಂದಲೇ ಕಟ್ಟಿದ. ಪುಸ್ತಕದಲ್ಲಿ ಓದಿದ್ದಾಗ ಇದು ಬರೀ ಮಾತಿನಾಟ ಅನಿಸಿತ್ತು. ಕಪ್ಪು ಫೆಲ್ಟಿನ ಕೊಂಬಾಕಾರದ ತೂತನ್ನು ಎರಡು ಕೈಯಲ್ಲಿ ಹಿಡಿದು ಕಿಟಕಿಯತ್ತ ಎತ್ತಿದಾಗ ಹಾಗನಿಸಲಿಲ್ಲ. ಖಾಲ್ಫಿನ್ ಸಿರ್ಮಾಕಿನಿಂದ ಕಲಿತ ಅಂತ ನಾನು ಹೇಳುತ್ತಿಲ್ಲ. ಎರಡನ್ನೂ ಒಂದೇ ಮೇಜಿನ ಮೇಲಿಟ್ಟರೆ ಮಾತಿಗೆ ಕೂರುತ್ತವೆ, ಅಷ್ಟೇ.

ಜೂನ್, ಜುಲೈ: ಹೊಲಿಗೆ

ಅಡಿಯ ಜಾಳು ಪದರಕ್ಕೆ ಒರಟು ಫೆಲ್ಟಿನ ತೇಪೆ ಮೊದಲು. ಮೇಲೆ ಹೊಸ ಕೊಂಬಿನ ತುಂಡನ್ನು ಕೂರಿಸಿ, ಕಪ್ಪು ಕೆಂಪಿನ ಅಂಚುಗಳನ್ನು ಸುತ್ತುಹೊಲಿಗೆಯಲ್ಲಿ ಕೂಡಿಸಿದೆ. ಆಮೇಲೆ ಜಿಯೆಕ್. ನೂಲು ಶುದಾ ಜಿಪ್ ಆದರೆ ಒಳ್ಳೆಯದಿತ್ತು, ಒಂಟೆಯ ಕತ್ತಿನ ಉದ್ದ ಕೂದಲಿನದು, ಎಳೆದರೆ ಬೆರಳು ಕೊಯ್ಯುತ್ತದೆ. ಸಿಕ್ಕಿದ್ದು ಒಂಟೆ ಉಣ್ಣೆಯ ಸಾದಾ ನೂಲು. ಎರಡೆಳೆ ಸೇರಿಸಿ, ಒಂದು ತುದಿ ಬಾಗಿಲ ಚಿಲಕಕ್ಕೆ ಕಟ್ಟಿ ಹುರಿ ಮಾಡಿದೆ. ಮಡಚಿ ಎರಡು ಸಾಲು ಪಕ್ಕಪಕ್ಕ ಇಟ್ಟು ಸಂದಿನ ಮೇಲೆ ಹೊಲಿದೆ.

ಜಡೆ ಕಾಣಲಿಲ್ಲ. ಎರಡು ಸಾಲೂ ಒಂದೇ ಕಡೆ ವಾಲಿಕೊಂಡು ಹಗ್ಗದಂತೆ ಬಿದ್ದಿತ್ತು. ಹಳೆಯ ಭಾಗದ ಪಕ್ಕ ಇಟ್ಟು ಭೂತಗನ್ನಡಿ ಹಿಡಿದೆ. ಹಳೆಯದರಲ್ಲಿ ಒಂದು ಸಾಲು ಬಲಕ್ಕೆ ಹುರಿಗೊಳಿಸಿದ್ದು, ಇನ್ನೊಂದು ಎಡಕ್ಕೆ. ಎರಡೂ ಎದುರುಬದುರು ವಾಲುವುದರಿಂದ ಗೋಧಿತೆನೆಯಂಥ ಸಾಲು ಮೂಡುತ್ತದೆ. ಮ್ಯೂಸಿಯಮ್ಮಿನಲ್ಲಿ ನಾನು 'ಎರಡು ಹುರಿ' ಅಂತ ಬರೆದುಕೊಂಡು ದಿಕ್ಕು ಬರೆಯದೆ ಬಂದಿದ್ದೆ. ಇದು ಬರೀ ಅಂದಕ್ಕಲ್ಲ. ಎರಡೂ ಒಂದೇ ಕಡೆ ಹುರಿಗೊಂಡಿದ್ದರೆ ಹುರಿ ಬಿಚ್ಚಿಕೊಳ್ಳಲು ತವಕಿಸಿ ಅಂಚನ್ನೇ ಒಂದು ಬದಿಗೆ ಎಳೆಯುತ್ತದೆ. ಎದುರುಬದುರಾದರೆ ಒಂದರ ಎಳೆತಕ್ಕೆ ಇನ್ನೊಂದು ಉತ್ತರ. ಎರಡೂವರೆ ಮೀಟರ್ ಬಿಚ್ಚಿ ಮತ್ತೆ ಹೊಲಿದೆ. 40 ಸೆಂಟಿಮೀಟರ್ ಹಾಗೇ ಬಿಟ್ಟಿದ್ದೇನೆ, ಬಾಗಿಲ ಕಡೆಯ ಅಂಚಿನಲ್ಲಿ.

ಕೊನೆಯದು ಸಿರು, ಪದರ ಹಿಡಿಸುವ ಹೊಲಿಗೆ. ಚಿತ್ತಾರದ ಗೆರೆಯನ್ನೇ ಅನುಸರಿಸಿ, ಒಂದೂವರೆ ಸೆಂಟಿಮೀಟರಿಗೊಂದು ಸಾಲು. ಎರಡು ಪದರ ಸೇರಿ ಒಂದು ಸೆಂಟಿಮೀಟರ್ ದಪ್ಪ. ದಬ್ಬಣ ಇಲ್ಲದೆ ಆಗದು. ನೂಲಿಗೆ ಜೇನುಮೇಣ, ಬೆರಳಿಗೆ ಅಂಗುಸ್ತಾನ, ದಬ್ಬಣ ಎಳೆಯಲು ಇಕ್ಕಳ. ಪ್ರತಿ ಹೊಲಿಗೆಯನ್ನೂ ಬಿಗಿಯಾಗಿ ಎಳೆದು ಗುಳಿ ಬೀಳಿಸಬೇಕು. ನೂಲು ಮೇಲೆ ಉಳಿದರೆ ಕಾಲಿಗೆ ತಾಗಿ ಸವೆದು ಮೊದಲು ಹರಿಯುವುದೇ ಅದು. ಹಳೆಯ ಹಾಸಿನಲ್ಲಿ ನೂಲೆಲ್ಲ ಗುಳಿಯ ಆಳದಲ್ಲಿ ಸುರಕ್ಷಿತವಾಗಿತ್ತು. ನಮ್ಮಜ್ಜಿ ಕೌದಿ ಹೊಲಿಯುವಾಗ ನೂಲು ಸಡಿಲ ಬಿಡುತ್ತಿದ್ದಳು, ಹೊದೆಯುವ ವಸ್ತು ಮೆತ್ತಗಿರಬೇಕಲ್ಲ. ಕೈಗೆ ಆ ಅಭ್ಯಾಸ ಇದ್ದುದರಿಂದ ಮೊದಲ ದಿನ ಹೊಲಿದದ್ದನ್ನೆಲ್ಲ ಮರುದಿನ ಬಿಗಿಮಾಡಿದೆ.

ಇಲ್ಲಿಯೂ ಕೌದಿ ಇದೆ, ಕೊರ್ಪೆಶೆ ಅನ್ನುತ್ತಾರೆ, ಬಟ್ಟೆಚೂರು ಕೂಡಿಸಿ ಹೊಲಿದ ಉದ್ದನೆಯ ಹಾಸು. ಶಿಮ್‌ಕೆಂಟ್‌ನ ಕಿಜಿಲ್ ಟ್ರಾಕ್ಟರ್ ಎಂಬ ಕಲಾವಿದರ ಗುಂಪು ತೊಂಬತ್ತರ ದಶಕದಲ್ಲಿ ಫೆಲ್ಟು, ತೊಗಲು, ಉಣ್ಣೆ, ಡೋಲು ಎಲ್ಲ ಹೊತ್ತುಕೊಂಡು ಪ್ರದರ್ಶನ ಕೊಡುತ್ತಿತ್ತು. ಅದೇ ಗುಂಪಿನ ಸಯೀದ್ ಅತಾಬೆಕೊವ್ ಆಮೇಲೆ ಕೊರ್ಪೆಶೆಯನ್ನೇ ದೇಶದೇಶಗಳ ಧ್ವಜವಾಗಿಸಿದ ಒಂದು ಸರಣಿ ಮಾಡಿದ. ಚಿಂದಿ ಚಿಂದಿ ಕೂಡಿಸಿದ ಧ್ವಜ. ಸೌಲೆ ಸುಲೇಮೆನೊವಾ ಬಣ್ಣ ಮುಟ್ಟದೆ ಬರೀ ಬಳಸಿ ಬಿಸಾಕಿದ ಪ್ಲಾಸ್ಟಿಕ್ ಚೀಲಗಳನ್ನು ಕತ್ತರಿಸಿ ಅಂಟಿಸಿ ಜನರ, ಊರಿನ ಚಿತ್ರ ಮಾಡುತ್ತಾರೆ. ಕತ್ತರಿಸು, ಕೂಡಿಸು, ಚೂರು ದಂಡಮಾಡಬೇಡ. ಬಸ್ ನಿಲ್ದಾಣದಲ್ಲಿ ನನಗೆ ಹೊಳೆದು ಮಾತು ಸಿಗದೆ ಹೋದದ್ದು ಇದು.

ಈಗ

ಹೊಸ ಮೂಲೆ ಹೊಸತಾಗಿಯೇ ಕಾಣುತ್ತದೆ. ಮೇಲಿನ ಪದರದ ಒಳಬದಿಯ ಮಾಸದ ಕೆಂಪಿಗೆ ಹೊಂದಿಸಿ ಬಣ್ಣ ಹಾಕಿದ್ದೆ, ಮುಂಬದಿ ಬಿಸಿಲಿಗೆ ಸೇಬಿನ ಸಿಪ್ಪೆಯಷ್ಟು ಪೇಲವ ಆಗಿರುವುದನ್ನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಬಿಸಿಲಿಗಿಟ್ಟು ಮಾಸಿಸಲಾ ಅಂತ ಕೇಳಿದೆ. "ನಲವತ್ತು ವರ್ಷ ನಡೆದಾಡು, ಹೊಂದುತ್ತದೆ" ಅಂದರು ಅಪಾ. ಎಣ್ಣೆ ಕಲೆ ಹಾಗೇ ಇದೆ. ನುಸಿಯ ಗುಳಿಗಳಲ್ಲಿ ದೊಡ್ಡವು ಒಂಬತ್ತಕ್ಕೆ ಉಣ್ಣೆ ತುಂಬಿ ಸೂಜಿಯಿಂದ ಚುಚ್ಚಿ ಕೂರಿಸಿದೆ, ಸಣ್ಣವನ್ನು ಮುಟ್ಟಲಿಲ್ಲ. ಲವಂಗ, ಬೇವಿನೆಲೆ ಅಂತ ಅಮ್ಮ ಹೇಳುತ್ತಾಳೆ, ಆದರೆ ನುಸಿ ನಿಜವಾಗಿ ಹೆದರುವುದು ಬೆಳಕಿಗೆ, ಅಲುಗಾಟಕ್ಕೆ. ತಿಂಗಳಿಗೊಮ್ಮೆ ಮಗುಚುತ್ತೇನೆ.

ಒಟ್ಟಿಗೆ ಕತ್ತರಿಸಿದ್ದರಿಂದ ಒಂದು ಜೋಡಿ ಉಳಿಯಿತು: ಕೆಂಪು ನೆಲದಲ್ಲಿ ಕಪ್ಪು ಕೊಂಬು. ಅದಕ್ಕೂ ಅಡಿ ಕೊಟ್ಟು, ಈ ಸಲ ಸರಿಯಾದ ದಿಕ್ಕಿನ ಜಿಯೆಕ್ ಹೊಲಿದು ಅಪಾ ಅಡುಗೆಮನೆಯ ಕುರ್ಚಿಗೆ ಹಾಕಿದೆ. ಅವರು ಅದನ್ನು ಎತ್ತಿ, ಮಗುಚಿ, ಹಿಂಬದಿ ನೋಡಿದರು.

"ಇಲ್ಲಿ ಆತುರ ಮಾಡಿದ್ದೀಯ" ಅಂತ ಒಂದು ಕಡೆ ಬೆರಳಿಟ್ಟರು. ಮತ್ತೆ ಕುರ್ಚಿಗೆ ಹಾಕಿ, ಅದರ ಮೇಲೆ ಕೂತು, ಚಹಾಕ್ಕೆ ಹಾಲು ಬಗ್ಗಿಸಿದರು.